ಮನೆ ಮಾರುವ ಮೊದಲೇ ಮನೆ ನೋಡಲು ಹೊರಟಿರಾ? ಆರೋಗ್ಯದ ಲೆಕ್ಕವೂ ಇರಲಿ

ಈಗಿರುವ ಮನೆ ಸಾಲದಾಗಿದೆ, ಅಥವಾ ಹಳತಾಗಿದೆ, ಅಥವಾ ಮಕ್ಕಳ ಶಾಲೆಗೂ ನಿಮ್ಮ ಕಚೇರಿಗೂ ದೂರವಾಗಿದೆ. ಮಾರಿ ಬೇರೊಂದು ಕೊಳ್ಳೋಣವೆಂದು ಮನೆಮಂದಿಯೆಲ್ಲ ಕೂತು ತೀರ್ಮಾನಿಸಿದ್ದೀರಿ. ಆಗ ಎದುರಾಗುವ ಮೊದಲ ಪ್ರಶ್ನೆ: ಇದನ್ನು ಮಾರಿ ಅದನ್ನು ನೋಡುವುದೋ, ಅದನ್ನು ನೋಡಿ ಇದನ್ನು ಮಾರುವುದೋ? ಮೊದಲೇ ಮಾರಿದರೆ ನಡುವೆ ಬಾಡಿಗೆ ಮನೆ, ಎರಡೆರಡು ಸಲ ಸಾಮಾನು ಸಾಗಣೆ. ಹಾಗಾಗಿ ಬಹಳ ಮಂದಿ ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ. ಭಾನುವಾರ ಬಂತೆಂದರೆ ತಿಂಡಿ ಮುಗಿಸಿ ಬ್ರೋಕರ್ ಹಿಂದೆ ಬೀದಿ ಬೀದಿ ಸುತ್ತುವ ಕೆಲಸ ಶುರುವಾಗುತ್ತದೆ.

ಆರೋಗ್ಯದ ಅಂಕಣದಲ್ಲಿ ಮನೆ ಮಾರಾಟದ ಮಾತೇಕೆ ಎನ್ನಬೇಡಿ. ಮನೆ ನೋಡುವಾಗ ನಾವು ಕೇಳುವುದು ಚದರಡಿಗೆ ಎಷ್ಟು, ಬಾಗಿಲು ಯಾವ ದಿಕ್ಕಿಗೆ, ಕಾರು ನಿಲ್ಲಿಸಲು ಜಾಗವಿದೆಯೇ ಎಂದು. ಮುಂದಿನ ಇಪ್ಪತ್ತು ವರ್ಷ ಉಸಿರಾಡುವ ಗಾಳಿ, ಕುಡಿಯುವ ನೀರು, ರಾತ್ರಿಯ ನಿದ್ದೆ, ಮುಪ್ಪಿನಲ್ಲಿ ಹತ್ತಬೇಕಾದ ಮೆಟ್ಟಿಲು, ಎಲ್ಲವನ್ನೂ ಆ ಅರ್ಧ ಗಂಟೆಯ ಭೇಟಿಯೇ ತೀರ್ಮಾನಿಸುತ್ತದೆ ಎಂಬುದು ನೆನಪಿಗೆ ಬರುವುದಿಲ್ಲ. ಹಳೆಯ ಮನೆ ಇನ್ನೂ ಮಾರಾಟವಾಗದಿರುವಾಗ ತಲೆಯ ಮೇಲಿರುವ ಭಾರ ಬೇರೆ. ಈ ಎರಡನ್ನೂ ಒಂದೊಂದಾಗಿ ನೋಡೋಣ.

ಒತ್ತಡಕ್ಕೂ ಅಂಕವಿದೆ

1967ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು ಒಂದು ಪಟ್ಟಿಯನ್ನು ಪ್ರಕಟಿಸಿದರು. ಬದುಕಿನಲ್ಲಿ ಬರುವ ಬದಲಾವಣೆಗಳು ಮನುಷ್ಯನ ಮೇಲೆ ಎಷ್ಟು ಹೊರೆ ಹೇರುತ್ತವೆಂದು ಅಂಕ ಕೊಟ್ಟು ಅಳೆದ ಪಟ್ಟಿ ಅದು. ಸಂಗಾತಿಯ ಸಾವಿಗೆ ಅತಿ ಹೆಚ್ಚು, ಅಂದರೆ 100 ಅಂಕ. ಮದುವೆಗೆ 50. ಮನೆ ಬದಲಾವಣೆಗೆ ಕೇವಲ 20. ‘ಅಷ್ಟೇ ತಾನೇ’ ಎಂದು ಸಮಾಧಾನ ಪಡುವ ಮುನ್ನ ಮುಂದೆ ಓದಿ.

ಮನೆ ಬದಲಾವಣೆ ಒಂಟಿಯಾಗಿ ಬರುವುದಿಲ್ಲ. ಹಣಕಾಸಿನ ಸ್ಥಿತಿಯಲ್ಲಿ ಏರುಪೇರು (38), ದೊಡ್ಡ ಸಾಲ (31), ವಾಸದ ಪರಿಸ್ಥಿತಿಯಲ್ಲಿ ಬದಲಾವಣೆ (25), ಶಾಲೆ ಬದಲಾವಣೆ (20), ನಿದ್ದೆಯ ಅಭ್ಯಾಸದಲ್ಲಿ ಬದಲಾವಣೆ (16), ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಮನೆಯ 20 ಸೇರಿಸಿ ಕೂಡಿ ನೋಡಿ, 150 ಆಯಿತು. ಒಂದು ವರ್ಷದೊಳಗೆ 150 ದಾಟಿದವರಿಗೆ ಕಾಯಿಲೆ ಬೀಳುವ ಸಂಭವ ಹೆಚ್ಚೆಂಬುದು ಆ ಪಟ್ಟಿಯ ಲೆಕ್ಕ. ಅದು ಬೇರೆ ದೇಶದ, ಹಿಂದಿನ ಕಾಲದ ಅಳತೆ. ಅಂಕ ಮುಟ್ಟಿದವರೆಲ್ಲ ಹಾಸಿಗೆ ಹಿಡಿಯುತ್ತಾರೆ ಎಂದೇನೂ ಅಲ್ಲ. ಆದರೆ ಸಣ್ಣ ಸಣ್ಣ ಹೊರೆಗಳು ಒಟ್ಟಿಗೆ ಬಿದ್ದಾಗ ದೊಡ್ಡ ಹೊರೆಯಾಗುತ್ತದೆ ಎಂಬ ಮಾತು ನಮಗೂ ಸಲ್ಲುತ್ತದೆ.

ದೇಹ ಇದನ್ನು ಹೇಗೆ ಗ್ರಹಿಸುತ್ತದೆ? ಚಿಂತೆ ದೀರ್ಘವಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚಾಗಿ ಸ್ರವಿಸುತ್ತವೆ. ರಕ್ತದೊತ್ತಡ ಮೇಲೇರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ, ಹೊಟ್ಟೆಯುರಿ ಕಾಣಿಸಿಕೊಳ್ಳುತ್ತದೆ. ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರಿಗೆ ಇದು ಸಣ್ಣ ಮಾತಲ್ಲ. ಮನೆ ಹುಡುಕಲು ಶುರು ಮಾಡುವ ಮುನ್ನ ಒಮ್ಮೆ ರಕ್ತದೊತ್ತಡ, ರಕ್ತದ ಸಕ್ಕರೆ ಪರೀಕ್ಷಿಸಿಕೊಂಡು ಬರೆದಿಡಿ. ವ್ಯವಹಾರ ನಡೆಯುತ್ತಿರುವಾಗ ತಿಂಗಳಿಗೊಮ್ಮೆ ನೋಡಿಸಿ. ರಕ್ತದೊತ್ತಡ ಮತ್ತೆ ಮತ್ತೆ 140/90ಕ್ಕಿಂತ ಮೇಲೆ ಬಂದರೆ ‘ಮನೆಯ ಟೆನ್ಷನ್, ತಾನಾಗಿ ಇಳಿಯುತ್ತದೆ’ ಎಂದು ಬಿಡಬೇಡಿ, ವೈದ್ಯರಿಗೆ ತೋರಿಸಿ.

ಮೊದಲು ಮನೆಯೊಳಗೆ ಮಾತಾಗಲಿ

ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆಗೆ ಎಪ್ಪತ್ತೆರಡು, ಮಂಡಿ ನೋವು. ತಾಯಿಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜು. ಮೊಮ್ಮಗಳಿಗೆ ಚಳಿಗಾಲದಲ್ಲಿ ಉಬ್ಬಸ. ಮಗ, ಸೊಸೆ ಸೇರಿ ಮೂರನೆಯ ಮಹಡಿಯ ಮನೆಯೊಂದನ್ನು ಮೆಚ್ಚಿ ಮುಂಗಡ ಕೊಟ್ಟು ಬರುತ್ತಾರೆ. ಲಿಫ್ಟ್ ಇದೆ, ಆದರೆ ಕರೆಂಟು ಹೋದರೆ ನಡೆಸಲು ಜನರೇಟರ್ ಇಲ್ಲ. ಹಿರಿಯರಿಗೆ ತೋರಿಸಿದ್ದು ಅಡ್ವಾನ್ಸ್ ಕೊಟ್ಟ ಮೇಲೆ. ‘ನಿಮಗೆ ಸರಿ ಕಂಡರೆ ಆಯಿತಪ್ಪ’ ಎಂದು ತಂದೆ ಹೇಳುತ್ತಾರೆ. ಆ ಮಾತಿನ ಅರ್ಥ ಒಪ್ಪಿಗೆಯಲ್ಲ ಎಂಬುದು ನಿಮಗೂ ಗೊತ್ತು.

ಆದ್ದರಿಂದ ಬಜೆಟ್ ಬರೆಯುವ ಹಾಳೆಯ ಹಿಂಬದಿಯಲ್ಲೇ ಇನ್ನೊಂದು ಪಟ್ಟಿ ಬರೆಯಿರಿ. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ? ಯಾರು ಮೆಟ್ಟಿಲು ಹತ್ತಲಾರರು? ಯಾರು ರಾತ್ರಿ ಎರಡು ಮೂರು ಸಲ ಬಚ್ಚಲಿಗೆ ಏಳುತ್ತಾರೆ? ಯಾರಿಗೆ ದೂಳು, ತೇವ ಆಗದು? ಹತ್ತು ವರ್ಷಗಳ ನಂತರ ನಿಮಗೇ ಎಷ್ಟು ವಯಸ್ಸಾಗುತ್ತದೆ? ಈ ಐದು ಪ್ರಶ್ನೆಗಳ ಉತ್ತರ ಕೈಯಲ್ಲಿದ್ದರೆ ಅರ್ಧಕ್ಕರ್ಧ ಮನೆಗಳನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಮುಂಗಡ ಕೊಡುವ ಮುನ್ನ ಹಿರಿಯರನ್ನು ಒಮ್ಮೆ ಕರೆದುಕೊಂಡು ಹೋಗಿ. ಅವರೇ ಮೆಟ್ಟಿಲು ಹತ್ತಲಿ, ಅವರೇ ಬಚ್ಚಲ ಬಾಗಿಲು ತೆರೆಯಲಿ, ಅವರೇ ಹೇಳಲಿ.

ಗೋಡೆ ಹೇಳುವ ಕಥೆ

ಮಾರಾಟಕ್ಕಿಟ್ಟ ಮನೆಗೆ ಹೊಸ ಬಣ್ಣ ಹೊಡೆದಿರುವುದು ರೂಢಿ. ಬಣ್ಣ ನೋಡಬೇಡಿ, ಬಣ್ಣದ ಹಿಂದಿರುವುದನ್ನು ನೋಡಿ. ಬಾಗಿಲು ತೆರೆದ ಕೂಡಲೇ ಮೂಗಿಗೆ ಮುಗ್ಗಲು ವಾಸನೆ ಬರುತ್ತದೆಯೇ? ಬಚ್ಚಲಿನ ಆಚೆ ಬದಿಯ ಗೋಡೆಗೆ ಅಂಗೈ ಇಟ್ಟು ನೋಡಿ, ತಣ್ಣಗೆ ಒದ್ದೆಯಾಗಿದೆಯೇ? ನೆಲದಿಂದ ಎರಡು ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿದೆಯೇ? ಬಿಳಿ ಉಪ್ಪಿನ ಪುಡಿ ಕಾಣುತ್ತಿದೆಯೇ? ಬೀರುವಿನ ಹಿಂದೆ, ಗೋಡೆ ಕಪಾಟಿನ ಒಳಗೆ, ಸಜ್ಜದ ಮೂಲೆಯಲ್ಲಿ ಕಪ್ಪು ಚುಕ್ಕೆಗಳಿವೆಯೇ? ಅದು ಬೂಷ್ಟು.

ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಶ್ವಾಸಕೋಶದ ಸೋಂಕು, ಅಸ್ತಮಾ ಉಲ್ಬಣ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮಕ್ಕಳಿಗೆ ಪದೇ ಪದೇ ಕೆಮ್ಮು, ಮೂಗು ಸೋರುವುದು ಇದ್ದರೆ ಇಂಥ ಮನೆ ಬೇಡ. ‘ಇನ್ನೊಂದು ಕೋಟ್ ಬಣ್ಣ ಹೊಡೆದರೆ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ನೀರು ಎಲ್ಲಿಂದ ಬರುತ್ತಿದೆ, ತಾರಸಿಯಿಂದಲೋ, ಒಡೆದ ಪೈಪಿನಿಂದಲೋ, ತಳಪಾಯದಿಂದಲೋ ಎಂದು ತಿಳಿದು ಅದನ್ನು ನಿಲ್ಲಿಸದೆ ತೇವ ನಿಲ್ಲುವುದಿಲ್ಲ.

ನಮ್ಮಲ್ಲಿ ಆಷಾಢ ಬಂದರೆ ಮನೆಯ ವ್ಯವಹಾರ ನಿಲ್ಲಿಸುವ ಪದ್ಧತಿ. ಗೃಹಪ್ರವೇಶ ಬೇಡವೆಂದರೆ ಬೇಡ. ಆದರೆ ಮಲೆನಾಡು, ಕರಾವಳಿಗಳಲ್ಲಿ ಮನೆ ನೋಡಲು ಆಷಾಢಕ್ಕಿಂತ ಒಳ್ಳೆಯ ತಿಂಗಳಿಲ್ಲ. ಸೂರು ಎಲ್ಲಿ ಸೋರುತ್ತದೆ ಎಂಬುದನ್ನು ಮಳೆಯೇ ತೋರಿಸಿಕೊಡುತ್ತದೆ. ಬೆಂಗಳೂರಿನವರಿಗೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಳೆಯೇ ಪರೀಕ್ಷೆ. ಬೇಸಿಗೆಯಲ್ಲಿ ನೋಡಿದ ಮನೆಯಾದರೆ ಪಕ್ಕದ ಮನೆಯವರನ್ನೋ, ಮೂಲೆ ಅಂಗಡಿಯವರನ್ನೋ ಕೇಳಿ: ‘2022ರ ಸೆಪ್ಟೆಂಬರ್ ಮಳೆಯಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?’ ರಾಜಕಾಲುವೆಯ ಪಕ್ಕದ ತಗ್ಗಿನ ಮನೆಯಾದರೆ ಈ ಪ್ರಶ್ನೆ ತಪ್ಪಿಸಬೇಡಿ. ಚರಂಡಿ ನೀರು ಬೆರೆತ ಸಂಪಿನಿಂದ ವಾಂತಿ ಭೇದಿ, ನಿಂತ ಕೊಳಕು ನೀರಿನಿಂದ ಇಲಿ ಜ್ವರ ಬರಬಹುದು.

ಗಾಳಿ, ಬೆಳಕು ಮತ್ತು ಕಾಣದ ಅನಿಲ

ಹಗಲು ಹೊತ್ತಿನಲ್ಲಿ ಮನೆ ನೋಡಿ, ಒಳಗೆ ಹೋದ ಕೂಡಲೇ ಎಲ್ಲ ದೀಪ ಆರಿಸಲು ಹೇಳಿ. ದೀಪವಿಲ್ಲದೆ ಪತ್ರಿಕೆ ಓದಲಾಗದ ಕೋಣೆಯಲ್ಲಿ ಮಕ್ಕಳು ಓದುವುದೂ ಕಷ್ಟ, ಹಿರಿಯರು ಎಡವದೆ ನಡೆಯುವುದೂ ಕಷ್ಟ. ಎದುರುಬದುರು ಕಿಟಕಿ ತೆರೆದು ನಿಂತುಕೊಳ್ಳಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು. ಗಾಳಿಯಾಡದ ಕೋಣೆಯಲ್ಲಿ ಒಬ್ಬರಿಗೆ ಬಂದ ನೆಗಡಿ, ಜ್ವರ ಮನೆಮಂದಿಗೆಲ್ಲ ಹರಡುವುದು ಸುಲಭ. ಕ್ಷಯದಂಥ ರೋಗಕ್ಕೂ ಈ ಮಾತು ಅನ್ವಯ. ಅಡಿಗೆಮನೆಯ ಒಗ್ಗರಣೆ ಹೊಗೆ ಹೊರಗೆ ಹೋಗಲು ದಾರಿ ಇದೆಯೇ, ಅಥವಾ ಮಲಗುವ ಕೋಣೆಗೇ ನುಗ್ಗುತ್ತದೆಯೇ ಎಂಬುದನ್ನೂ ಗಮನಿಸಿ.

ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಅಲ್ಲೇ ನಿಂತು ಯೋಚಿಸಿ. ಗಾಳಿ ಸಾಲದ ಜಾಗದಲ್ಲಿ ಅನಿಲ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಗಟ್ಟಿಯಾಗಿ ಅಂಟಿಕೊಂಡು, ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿಯುತ್ತಾರೆ. ಇಂಥ ಸಾವುಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಇಲ್ಲದಿದ್ದರೆ ಅದನ್ನು ಸ್ಥಳಾಂತರಿಸುವ ಖರ್ಚನ್ನು ಬೆಲೆಯಲ್ಲಿ ಹಿಡಿಯಿರಿ.

ನೀರಿನ ಪರೀಕ್ಷೆ

‘ನೀರಿಗೇನೂ ತೊಂದರೆಯಿಲ್ಲ ಸಾರ್’ ಎಂದು ಎಲ್ಲರೂ ಹೇಳುತ್ತಾರೆ. ನೀರು ಎಲ್ಲಿಯದು, ಕಾವೇರಿಯದೋ, ಪುರಸಭೆಯದೋ, ಕೊಳವೆಬಾವಿಯದೋ, ಟ್ಯಾಂಕರಿನದೋ ಎಂದು ಕೇಳಿ. ಕೊಳವೆಬಾವಿಯಾದರೆ ಮಲದ ಗುಂಡಿಯಿಂದ ಎಷ್ಟು ದೂರವಿದೆ ನೋಡಿ. ಐವತ್ತು ಅಡಿಗಿಂತ ಹತ್ತಿರವಿದ್ದರೆ ಅನುಮಾನಿಸಿ. ಒಂದು ಬಾಟಲಿ ನೀರು ತಂದು ಪ್ರಯೋಗಾಲಯಕ್ಕೆ ಕೊಡಿ. ಸೂಕ್ಷ್ಮಜೀವಿಗಳ ಪರೀಕ್ಷೆಗೆ ಸಾಮಾನ್ಯ ಬಾಟಲಿ ಸಲ್ಲದು, ಪ್ರಯೋಗಾಲಯದವರೇ ಶುದ್ಧೀಕರಿಸಿದ ಬಾಟಲಿ ಕೊಡುತ್ತಾರೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಇ. ಕೋಲೈ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಕೊಪ್ಪಳ, ರಾಯಚೂರು ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಮಕ್ಕಳ ಹಲ್ಲು ಕಂದು ಕಟ್ಟುವುದರಿಂದ ಹಿಡಿದು ಬೆನ್ನುಮೂಳೆ ಬಿಗಿಯುವವರೆಗೆ ಅದರ ಪರಿಣಾಮ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಟಿ.ಡಿ.ಎಸ್. ಮೀಟರ್ ಅದ್ದಿ ನೋಡಿ ತೃಪ್ತರಾಗಬೇಡಿ. ಅದು ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ ಕೊಡುತ್ತದೆ; ರೋಗಾಣುವನ್ನೂ ತೋರಿಸದು, ಫ್ಲೋರೈಡನ್ನೂ ತೋರಿಸದು.

ಮೆಟ್ಟಿಲು, ಬಚ್ಚಲು, ನಿದ್ದೆ

ವಯಸ್ಸಾದವರು ಮನೆಯೊಳಗೇ ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದು ಸಾಮಾನ್ಯ. ಟೇಪು ಹಿಡಿದುಕೊಂಡೇ ಹೋಗಿ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ವಾಸದ ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್, ಅಂದರೆ ಸುಮಾರು ಏಳೂವರೆ ಅಂಗುಲ ಮೀರಬಾರದು. ಕಾಲಿಡುವ ಅಗಲ 250 ಮಿಲಿಮೀಟರ್, ಸುಮಾರು ಹತ್ತು ಅಂಗುಲಕ್ಕೆ ಕಡಿಮೆ ಇರಬಾರದು. ಎಲ್ಲ ಮೆಟ್ಟಿಲೂ ಒಂದೇ ಎತ್ತರವಿರಬೇಕು. ಒಂದು ಏರುಪೇರಾದರೂ ಕಾಲು ತಪ್ಪುತ್ತದೆ. ಹಿಡಿಯಲು ಕಂಬಿ ಇದೆಯೇ? ಬಚ್ಚಲಿನ ನೆಲಕ್ಕೆ ಒಂದು ಚೊಂಬು ನೀರು ಸುರಿದು ನೋಡಿ, ಜಾರುತ್ತದೆಯೇ, ನೀರು ತೂಬಿನ ಕಡೆಗೆ ಹರಿಯುತ್ತದೆಯೇ? ಹಿರಿಯರು ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಹೊಸ್ತಿಲುಗಳೆಷ್ಟು? ಸ್ಟ್ರೆಚರ್ ತಿರುಗುವಷ್ಟು ಜಾಗ ಮೆಟ್ಟಿಲಲ್ಲೋ ಲಿಫ್ಟಿನಲ್ಲೋ ಇದೆಯೇ?

ಇಷ್ಟಪಟ್ಟ ಮನೆಯನ್ನು ರಾತ್ರಿ ಹತ್ತು ಗಂಟೆಯ ನಂತರವೂ ಒಮ್ಮೆ ನೋಡಿ ಬನ್ನಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಭಾನುವಾರ ಮಧ್ಯಾಹ್ನ ನಿಶ್ಶಬ್ದವಾಗಿದ್ದ ಬೀದಿ ರಾತ್ರಿ ಲಾರಿಗಳ ದಾರಿಯಾಗಿರಬಹುದು, ಪಕ್ಕದಲ್ಲಿ ಕಲ್ಯಾಣ ಮಂಟಪವಿರಬಹುದು. ಹಾಗೆಯೇ, ರಾತ್ರಿ ಎದೆನೋವು ಬಂದರೆ ತೆರೆದಿರುವ ಆಸ್ಪತ್ರೆ ಎಷ್ಟು ದೂರ? ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 108 ವಾಹನ ಆ ಓಣಿಯೊಳಗೆ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಅವಸರದ ಅಡ್ವಾನ್ಸ್

ಹಳೆಯದು ಮಾರುವ ಮೊದಲೇ ಹೊಸದನ್ನು ನೋಡುವುದರಲ್ಲಿರುವ ದೊಡ್ಡ ಅಪಾಯ ಮನಸ್ಸು ಸೋಲುವುದು. ‘ಸಂಜೆ ಇನ್ನೊಂದು ಪಾರ್ಟಿ ಬರುತ್ತದೆ’ ಎಂದು ಬ್ರೋಕರ್ ಹೇಳುತ್ತಾನೆ, ನೀವು ಟೋಕನ್ ಕೊಟ್ಟುಬಿಡುತ್ತೀರಿ. ಕರಾರಿನ ಮೂರು ತಿಂಗಳ ಗಡುವು ಓಡತೊಡಗುತ್ತದೆ. ಇತ್ತ ನಿಮ್ಮ ಮನೆ ನೋಡಲು ಬಂದವರು ಬೆಲೆ ಕಡಿಮೆ ಕೇಳುತ್ತಾರೆ. ಒಂದೋ ಮುಂಗಡ ಹೋಗಬೇಕು, ಇಲ್ಲವೇ ಸಿಕ್ಕ ಬೆಲೆಗೆ ಮನೆ ಕೊಡಬೇಕು, ಇಲ್ಲವೇ ಎರಡು ಸಾಲದ ಕಂತು ಕಟ್ಟಬೇಕು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತ ಮಲಗುವುದು, ಗಂಡ ಹೆಂಡತಿಯ ನಡುವೆ ಮಾತಿಗೆ ಮಾತು ಬೆಳೆಯುವುದು ಆಗ. ಔಷಧಿಯಿಂದ ವಾಸಿಯಾಗದ ನಿದ್ದೆಗೇಡು ಇದು.

ಇದಕ್ಕೆ ಮದ್ದು ಮೊದಲೇ ಇದೆ. ನಿಮ್ಮ ಮನೆಗೆ ನಿಜವಾಗಿ ಎಷ್ಟು ಬೆಲೆ ಬರುತ್ತದೆಂದು ಇಬ್ಬರು ಮೂವರನ್ನು ಕೇಳಿ ತಿಳಿದು, ಅದಕ್ಕಿಂತ ಕಡಿಮೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಮನೆಯ ಪತ್ರಗಳನ್ನು, ಋಣಭಾರ ಪತ್ರ, ಖಾತೆ, ತೆರಿಗೆ ರಸೀದಿಗಳನ್ನು ಮೊದಲೇ ಸಿದ್ಧಮಾಡಿಡಿ. ಯಾವ ಮನೆ ನೋಡಿದರೂ ಅದೇ ದಿನ ಹಣ ಕೊಡುವುದಿಲ್ಲವೆಂದು, ಎರಡು ರಾತ್ರಿ ಕಳೆಯದೆ ಮಾತು ಕೊಡುವುದಿಲ್ಲವೆಂದು ಮನೆಯವರೆಲ್ಲ ಒಪ್ಪಿಕೊಳ್ಳಿ. ಕರಾರಿನಲ್ಲಿ ಸಾಕಷ್ಟು ಕಾಲಾವಕಾಶ ಬರೆಸಿ. ಇನ್ನೊಂದು ಸಮಾಧಾನದ ವಿಷಯ: ಹೊಸ ಮನೆ ಕೊಂಡ ಒಂದು ವರ್ಷದೊಳಗೆ ಹಳೆಯದನ್ನು ಮಾರಿದರೂ, ಕೆಲವು ಷರತ್ತುಗಳಿಗೆ ಒಳಪಟ್ಟು, ಲಾಭದ ಮೇಲಿನ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಮೊದಲು ಮಾರಿದವರಿಗೆ ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ ಅವಧಿಯಿದೆ. ತೆರಿಗೆ ಸಲಹೆಗಾರರಲ್ಲಿ ವಿವರ ಕೇಳಿಕೊಂಡರೆ ಅರ್ಧ ಅವಸರ ತಾನೇ ಕಡಿಮೆಯಾಗುತ್ತದೆ.

ನೋಡಲು ಹೋಗುವ ದಿನದ ಪಥ್ಯ

ಒಂದು ದಿನಕ್ಕೆ ಮೂರು ಮನೆ ಸಾಕು. ಆರನೆಯ ಮನೆ ನೋಡುವ ಹೊತ್ತಿಗೆ ಮೊದಲನೆಯದರ ಬಚ್ಚಲು ಯಾವ ಕಡೆ ಇತ್ತೆಂಬುದೇ ಮರೆತಿರುತ್ತದೆ, ದಣಿದ ಮನಸ್ಸು ‘ಯಾವುದಾದರೂ ಆಗಲಿ’ ಎನ್ನುತ್ತದೆ. ತಿಂಡಿ ತಿಂದೇ ಹೊರಡಿ. ಸಕ್ಕರೆ ಕಾಯಿಲೆಯವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟದ ಹೊತ್ತು ಮೀರಿಸಿದರೆ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಚೀಲದಲ್ಲಿ ನೀರು, ಬಾಳೆಹಣ್ಣು, ಬಿಸ್ಕತ್ತು, ನಾಲ್ಕು ಗ್ಲೂಕೋಸ್ ಅಥವಾ ಸಕ್ಕರೆ ಚೂರು ಇರಲಿ. ಹೋದ ಮನೆಯಲ್ಲೆಲ್ಲ ಕಾಫಿ ಕುಡಿದರೆ ರಾತ್ರಿ ನಿದ್ದೆ ಬಾರದು. ಉಬ್ಬಸದವರು ಇನ್‌ಹೇಲರ್ ಮರೆಯಬಾರದು.

ನಿಮ್ಮ ಹಳೆಯ ಮನೆಯನ್ನು ಕೊಳ್ಳುವವರಿಗೆ ತೋರಿಸಲು ಸಿಂಗರಿಸುವಾಗಲೂ ಎಚ್ಚರ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ 90 ಪಿ.ಪಿ.ಎಂ. ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ, ಗ್ರಿಲ್‌ಗಳ ಎನಾಮಲ್ ಬಣ್ಣದಲ್ಲಿ ಸೀಸವಿರಬಹುದು. ಅದನ್ನು ಒಣಗಿದ್ದಂತೆಯೇ ಉಜ್ಜಿ ದೂಳೆಬ್ಬಿಸಿದರೆ ಪುಟ್ಟ ಮಕ್ಕಳ ಮೆದುಳಿನ ಬೆಳವಣಿಗೆಗೆ ಅಪಾಯ. ಒದ್ದೆ ಮಾಡಿಕೊಂಡು ಉಜ್ಜಿಸಿ, ದೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಗರ್ಭಿಣಿಯರು, ಎಳೆಯ ಮಕ್ಕಳು, ಉಬ್ಬಸದವರು ಆ ದಿನಗಳಲ್ಲಿ ನೆಂಟರ ಮನೆಯಲ್ಲಿರಲಿ.

ಹೊಸದನ್ನು ಕೊಂಡಿರಿ, ಹಳೆಯದು ಇನ್ನೂ ಮಾರಾಟವಾಗಿಲ್ಲ ಎಂದರೆ ಎರಡರಲ್ಲಿ ಒಂದು ಮನೆ ಬೀಗ ಹಾಕಿಕೊಂಡಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಅದೇ. ಸಂಪು, ಟ್ಯಾಂಕು, ಹೂಕುಂಡದ ತಟ್ಟೆ, ಬಳಸದ ಕಮೋಡಿನಲ್ಲಿ ನಿಂತ ನೀರು ಸಾಕು. ಮೊಟ್ಟೆ ಸುಮಾರು ಏಳರಿಂದ ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ವಾರಕ್ಕೊಮ್ಮೆ ಹೋಗಿ ಕಮೋಡಿಗೆ ನೀರು ಬಿಡಿ, ನಿಂತ ನೀರು ಚೆಲ್ಲಿ, ಮುಚ್ಚಳ ಭದ್ರಪಡಿಸಿ, ನಲ್ಲಿಗಳನ್ನು ಸ್ವಲ್ಪ ಹೊತ್ತು ಹರಿಯಬಿಡಿ.

ಹೊಸ ಮನೆಗೆ ಬಂದ ಮೊದಲ ತಿಂಗಳು ಹಿರಿಯರ ಮೇಲೆ ಕಣ್ಣಿರಲಿ. ಮೂವತ್ತು ವರ್ಷ ಕತ್ತಲಲ್ಲೂ ದಾರಿ ತಿಳಿದಿದ್ದ ಮನೆ ಬಿಟ್ಟು ಬಂದವರು ರಾತ್ರಿ ಬಾಗಿಲು ತಪ್ಪುತ್ತಾರೆ. ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಉರಿಯಲಿ. ಅವರ ಮಂಚ, ದೇವರ ಪಟ, ಕುರ್ಚಿ ಹಿಂದೆ ಇದ್ದ ಕ್ರಮದಲ್ಲೇ ಇರಲಿ. ಮರೆವಿನ ಕಾಯಿಲೆ ಇದ್ದವರಿಗೆ ಗೊಂದಲ ಹೆಚ್ಚಾಗಬಹುದು. ಬೈಯದೆ ಕೈಹಿಡಿದು ನಡೆಸಿ. ಊಟ ಬಿಡುವುದು, ಮಾತು ಕಡಿಮೆಯಾಗುವುದು, ನಿದ್ದೆ ಬಾರದಿರುವುದು ಎರಡು ವಾರ ಮೀರಿದರೆ ವೈದ್ಯರಿಗೆ ತಿಳಿಸಿ.

ಹೋಗುವಾಗ ಜೊತೆಗಿರಲಿ

* ಅಳತೆ ಟೇಪು, ಟಾರ್ಚು, ನೀರಿನ ಬಾಟಲಿ, ಮಾತ್ರೆ.
* ಮನೆಯವರ ಕಾಯಿಲೆ, ಕಷ್ಟಗಳ ಪಟ್ಟಿ.
* ಒಂದೇ ಮನೆಗೆ ಮೂರು ಭೇಟಿ: ಹಗಲಿನಲ್ಲಿ, ರಾತ್ರಿಯಲ್ಲಿ, ಮಳೆ ಬಂದಾಗ.
* ಮುಂಗಡಕ್ಕೆ ಮೊದಲು ನೀರಿನ ಪರೀಕ್ಷೆಯ ವರದಿ.
* ಚೆಕ್ ಪುಸ್ತಕ ಮನೆಯಲ್ಲೇ ಇರಲಿ. ಮೊಬೈಲಿನಿಂದ ಹಣ ಕಳಿಸುವ ಅವಸರವೂ ಬೇಡ.

ನೂರು ಮನೆ ನೋಡಿದರೂ ಎಲ್ಲ ಗುಣಗಳೂ ಒಂದೇ ಕಡೆ ಸಿಗುವುದಿಲ್ಲ. ಅಂದಚೆಂದದಲ್ಲಿ ರಾಜಿಯಾಗಿ, ಹಾಲಿನ ಅಗಲದಲ್ಲಿ ರಾಜಿಯಾಗಿ. ಒಣಗಿದ ಗೋಡೆ, ಶುದ್ಧ ನೀರು, ಹರಿದಾಡುವ ಗಾಳಿ, ಹಿರಿಯರು ಹತ್ತಬಲ್ಲ ಮೆಟ್ಟಿಲು, ಈ ನಾಲ್ಕರಲ್ಲಿ ಮಾತ್ರ ರಾಜಿ ಬೇಡ. ಈಗಿರುವ ಮನೆ ಇನ್ನೂ ನಿಮ್ಮದೇ ಆಗಿರುವುದರಿಂದ ‘ಇದು ಬೇಡ’ ಎಂದು ಹೇಳಿ ಹಿಂದಿರುಗುವ ಸ್ವಾತಂತ್ರ್ಯ ನಿಮಗಿದೆ. ಅದನ್ನು ಧಾರಾಳವಾಗಿ ಬಳಸಿಕೊಳ್ಳಿ.